ಫೋರಿಯರ್ ಸೀರೀಸ್ ಹಾಕಿ ಪಿಡಿಇ ಬಿಡಿಸುದು ಹೇಗೆ: ಮೊದಲು ತುದಿ ನೋಡಿ

ಎಕ್ಸಾಮ್ ಹತ್ತಿರ ಬಂತು ಅಂದ್ರೆ ಸುರತ್ಕಲ್, ಮಣಿಪಾಲ, ನಿಟ್ಟೆ, ಕೊಣಾಜೆ ಕಡೆಯ ಮಕ್ಕಳು ಕೇಳುದು ಒಂದೇ ಪ್ರಶ್ನೆ. ಸೆಪರೇಶನ್ ಆಫ್ ವೇರಿಯೇಬಲ್ಸ್ ಮಾಡ್ಲಿಕ್ಕೆ ಬರ್ತದೆ, ಫೋರಿಯರ್ ಸೀರೀಸ್ ಕೂಡ ಬೇರೆಯಾಗಿ ಕೊಟ್ರೆ ಬರ್ತದೆ, ಆದ್ರೆ ಎರಡೂ ಒಂದೇ ಲೆಕ್ಕದಲ್ಲಿ ಬಂದಾಗ ಸೈನ್ ಹಾಕುದಾ ಕಾಸ್ ಹಾಕುದಾ, 2/ಎಲ್ ಎಲ್ಲಿಂದ ಬಂತು, ಎನ್ ಸೊನ್ನೆಯಿಂದ ಶುರುವಾ ಒಂದರಿಂದ ಶುರುವಾ, ಎಂತದೂ ಗೊತ್ತಾಗುದಿಲ್ಲ ಅಂತ. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುದಕ್ಕಿಂತ ಒಂದೇ ಕಡೆ ಪೂರ್ತಿ ಬರ್ದು ಇಡ್ತೇನೆ, ಪೆನ್ನು ಪೇಪರ್ ಹಿಡ್ಕೊಂಡು ಓದಿ ಆಯ್ತಾ, ಬರೇ ಓದಿದ್ರೆ ಇದು ತಲೆಯಲ್ಲಿ ನಿಲ್ಲುದಿಲ್ಲ.

ಉತ್ತರ ಮೊದಲೇ ಹೇಳಿಬಿಡ್ತೇನೆ. ಯಾವ ಫಂಕ್ಷನ್ ಹಾಕ್ಬೇಕು ಅಂತ ತೀರ್ಮಾನ ಮಾಡುದು ತುದಿಯಲ್ಲಿ ಕೊಟ್ಟ ಕಂಡೀಶನ್, ಒಂದೊಂದು ಫಂಕ್ಷನ್ ಎಷ್ಟೆಷ್ಟು ಹಾಕ್ಬೇಕು ಅಂತ ತೀರ್ಮಾನ ಮಾಡುದು ಆರಂಭದಲ್ಲಿ ಕೊಟ್ಟ ಕಂಡೀಶನ್. ಸುಮಾರು ಜನ ಸೂತ್ರ ಬಾಯಿಪಾಠ ಮಾಡಿ ನೇರ ಇಂಟಿಗ್ರೇಷನ್‌ಗೆ ಇಳೀತಾರೆ, ತುದಿಯನ್ನ ಓದುದೇ ಇಲ್ಲ, ಅಲ್ಲೇ ದಾರಿ ತಪ್ಪುದು.

ಎಂತೆಲ್ಲ ಗೊತ್ತಿರಬೇಕು: ಇಂಟಿಗ್ರೇಷನ್ ಬೈ ಪಾರ್ಟ್ಸ್ ಕೈಗೆ ಹತ್ತಿರಬೇಕು, ಎರಡನೇ ಆರ್ಡರ್‌ನ ಸಾದಾ ಡಿಫರೆನ್ಶಿಯಲ್ ಈಕ್ವೇಷನ್ ಬಿಡಿಸ್ಲಿಕ್ಕೆ ಬರಬೇಕು, ಮತ್ತೆ ಎರಡು ವಿಷಯ ಕಣ್ಣು ಮುಚ್ಚಿ ಹೇಳುವ ಹಾಗೆ ಇರಬೇಕು: ಎನ್ ಪೂರ್ಣಾಂಕ ಆದ್ರೆ ಸೈನ್(ಎನ್ ಪೈ) ಯಾವಾಗ್ಲೂ 0, ಕಾಸ್(ಎನ್ ಪೈ) ಯಾವಾಗ್ಲೂ (−1) ಘಾತ ಎನ್. ಇಷ್ಟು ಸಾಕು. ಪಿಡಿಇ ಅಂದ್ರೆ ಪಾರ್ಶಿಯಲ್ ಡಿಫರೆನ್ಶಿಯಲ್ ಈಕ್ವೇಷನ್, ಒಂದಕ್ಕಿಂತ ಜಾಸ್ತಿ ವೇರಿಯೇಬಲ್ ಇರುವ ಫಂಕ್ಷನ್ ಒಂದೊಂದು ವೇರಿಯೇಬಲ್ ಜೊತೆ ಹೇಗೆ ಬದಲಾಗ್ತದೆ ಅಂತ ಹೇಳುವ ಸಮೀಕರಣ. ಫೋರಿಯರ್ ಸೀರೀಸ್ ಅಂದ್ರೆ ಒಂದು ಫಂಕ್ಷನನ್ನ ಸೈನ್, ಕಾಸ್‌ಗಳ ಮೊತ್ತವಾಗಿ ಬರೆಯುದು. ಸೂತ್ರಗಳನ್ನ ಇಲ್ಲಿ ಕನ್ನಡದಲ್ಲೇ ಬಿಡಿಸಿ ಬರೀತೇನೆ, ನೀವು ನೋಟ್ಸಲ್ಲಿ ಮಾಮೂಲಿ ಚಿಹ್ನೆಯಲ್ಲಿ ಬರ್ಕೊಳ್ಳಿ. ಯು-ಟಿ ಅಂದ್ರೆ ಯು ಅನ್ನ ಟಿ ಬಗ್ಗೆ ಒಂದು ಸಲ ಡಿಫರೆನ್ಶಿಯೇಟ್ ಮಾಡಿದ್ದು, ಯು-ಎಕ್ಸ್‌ಎಕ್ಸ್ ಅಂದ್ರೆ ಎಕ್ಸ್ ಬಗ್ಗೆ ಎರಡು ಸಲ. ಎಕ್ಸ್‌ಪ್ ಅಂದ್ರೆ ಎಕ್ಸ್‌ಪೊನೆನ್ಶಿಯಲ್.

ಒಂದೇ ಲೆಕ್ಕ ಹಿಡ್ಕೊಂಡು ಕೊನೆವರೆಗೆ ಹೋಗುವ. 50 ಸೆಂಟಿಮೀಟರ್ ಉದ್ದದ ತಾಮ್ರದ ಸಲಾಕೆ, ಇಡೀ ಸಲಾಕೆ 100 ಡಿಗ್ರಿ ಬಿಸಿ ಉಂಟು, ಬದಿಗಳಿಂದ ಬಿಸಿ ಹೊರಗೆ ಹೋಗದ ಹಾಗೆ ಸುತ್ತ ಇನ್ಸುಲೇಷನ್ ಸುತ್ತಿದೆ, ಈಗ ಎರಡೂ ತುದಿಯನ್ನ ಐಸಲ್ಲಿ ಮುಳುಗಿಸಿದ್ದೇವೆ, ಹೇಳಿದ್ರೆ ತುದಿ ಯಾವಾಗ್ಲೂ 0 ಡಿಗ್ರಿ. ಸ್ವಲ್ಪ ಹೊತ್ತು ಬಿಟ್ಟು ನಡುವೆ ಎಷ್ಟು ಬಿಸಿ ಇರ್ತದೆ?

ಹಂತ 1: ಸಮೀಕರಣ, ತುದಿ, ಆರಂಭ, ಮೂರನ್ನೂ ಬೇರೆ ಬೇರೆ ಸಾಲಲ್ಲಿ ಬರೀರಿ

ಸಮೀಕರಣ: ಯು-ಟಿ = ಕೆ × ಯು-ಎಕ್ಸ್‌ಎಕ್ಸ್
ತುದಿ: ಯು(0, ಟಿ) = 0, ಯು(50, ಟಿ) = 0
ಆರಂಭ: ಯು(ಎಕ್ಸ್, 0) = 100

ಯು ಅಂದ್ರೆ ಟೆಂಪರೇಚರ್, ಎಕ್ಸ್ ಅಂದ್ರೆ ಎಡ ತುದಿಯಿಂದ ಎಷ್ಟು ದೂರ, ಟಿ ಅಂದ್ರೆ ಸೆಕೆಂಡಲ್ಲಿ ಟೈಮ್, ಮುಂದೆ ಎಲ್ ಅಂತ ಬರುದು ಸಲಾಕೆಯ ಉದ್ದ, ಇಲ್ಲಿ 50. ಕೆ ಅಂದ್ರೆ ಥರ್ಮಲ್ ಡಿಫ್ಯೂಸಿವಿಟಿ, ಆ ಲೋಹದಲ್ಲಿ ಟೆಂಪರೇಚರ್ ಎಷ್ಟು ಬೇಗ ಹರಡಿ ಸಮ ಆಗ್ತದೆ ಅಂತ ಹೇಳುವ ನಂಬರ್. ತಾಮ್ರಕ್ಕೆ ಸುಮಾರು 1.1 ಚದರ ಸೆಂಟಿಮೀಟರ್ ಪ್ರತಿ ಸೆಕೆಂಡಿಗೆ, ಕಬ್ಬಿಣಕ್ಕೆ ಸುಮಾರು 0.2 ಮಾತ್ರ. ಕೆಲವು ಪುಸ್ತಕದಲ್ಲಿ ಕೆ ಬದಲು ಸಿ² ಅಂತ ಇರ್ತದೆ, ವಿಷಯ ಒಂದೇ, ಆದ್ರೆ ಸಿ ಕೊಟ್ಟಿದ್ದಾರಾ ಸಿ² ಕೊಟ್ಟಿದ್ದಾರಾ ಅಂತ ಸರಿ ನೋಡಿ, ಅಲ್ಲಿ ಎಡವಿದ್ರೆ ಉತ್ತರ ಪೂರ್ತಿ ಹೋಯ್ತು. ಮತ್ತೆ ಯುನಿಟ್. ಉದ್ದ ಸೆಂಟಿಮೀಟರಲ್ಲಿ ತಕ್ಕೊಂಡ್ರೆ ಕೆ ಕೂಡ ಚದರ ಸೆಂಟಿಮೀಟರಲ್ಲೇ ಇರಬೇಕು.

ಹಂತ 2: ತುದಿ ಸೊನ್ನೆಯಾ ಅಂತ ನೋಡಿ

ಈ ಇಡೀ ವಿಧಾನ ನಿಂತಿರುದು ಒಂದು ವಿಷಯದ ಮೇಲೆ, ಎರಡು ಪರಿಹಾರ ಕೂಡಿಸಿದ್ರೆ ಅದೂ ಪರಿಹಾರ ಆಗಬೇಕು. ಇದಕ್ಕೆ ಸೂಪರ್‌ಪೊಸಿಷನ್ ಅಂತಾರೆ. ತುದಿಯಲ್ಲಿ 0 ಇದ್ರೆ 0 + 0 = 0, ತೊಂದರೆ ಇಲ್ಲ. ತುದಿಯಲ್ಲಿ 80 ಡಿಗ್ರಿ ಇದ್ರೆ 80 + 80 = 160, ಕಂಡೀಶನ್ ಮುರೀತದೆ. ಹಾಗಾಗಿ ತುದಿಯಲ್ಲಿ ಸೊನ್ನೆ ಅಲ್ಲದ ನಂಬರ್ ಕಂಡ್ರೆ ಅಲ್ಲೇ ನಿಲ್ಲಿ, ನೇರ ಮುಂದೆ ಹೋಗ್ಬೇಡಿ, ಕೆಳಗೆ ಹಂತ 8ರಲ್ಲಿ ಅದಕ್ಕೆ ಎಂತ ಮಾಡ್ಬೇಕು ಅಂತ ಉಂಟು. ನಮ್ಮ ಲೆಕ್ಕದಲ್ಲಿ ಸೊನ್ನೆಯೇ ಇರುದು, ಮುಂದೆ ಹೋಗುವ.

ಹಂತ 3: ಬೇರ್ಪಡಿಸಿ (ಸೆಪರೇಶನ್ ಆಫ್ ವೇರಿಯೇಬಲ್ಸ್)

ಯು(ಎಕ್ಸ್, ಟಿ) = ಎಫ್(ಎಕ್ಸ್) × ಜಿ(ಟಿ) ಅಂತ ಹಾಕಿ. ಸಮೀಕರಣಕ್ಕೆ ಹಾಕಿ ಭಾಗಿಸಿದ್ರೆ ಎಡಗಡೆ ಬರೇ ಟಿ, ಬಲಗಡೆ ಬರೇ ಎಕ್ಸ್ ಬರ್ತದೆ:

ಜಿ′ / (ಕೆ ಜಿ) = ಎಫ್″ / ಎಫ್

ಟಿ ಬದಲಾದ್ರೂ ಬಲಗಡೆ ಬದಲಾಗುದಿಲ್ಲ, ಎಕ್ಸ್ ಬದಲಾದ್ರೂ ಎಡಗಡೆ ಬದಲಾಗುದಿಲ್ಲ, ಆದ್ರೆ ಎರಡೂ ಸಮ, ಹಾಗಾದ್ರೆ ಎರಡೂ ಒಂದೇ ಸ್ಥಿರ ಸಂಖ್ಯೆ ಆಗಿರ್ಲೇಬೇಕು. ಆ ಸಂಖ್ಯೆಯ ಚಿಹ್ನೆ ಎಂತದು ಅಂತ ಎಲ್ಲರೂ ಕೇಳ್ತಾರೆ, ಪುಸ್ತಕದಲ್ಲಿ ಸೀದಾ −ಲ್ಯಾಮ್ಡಾ² ಅಂತ ಹಾಕಿರ್ತಾರೆ, ಯಾಕೆ ಅಂತ ಹೇಳಿರುದಿಲ್ಲ. ಮೂರೂ ನೋಡುವ. ಪಾಸಿಟಿವ್ ತಕ್ಕೊಂಡ್ರೆ ಎಫ್‌ನಲ್ಲಿ ಎಕ್ಸ್‌ಪ್(ಲ್ಯಾಮ್ಡಾ ಎಕ್ಸ್), ಎಕ್ಸ್‌ಪ್(−ಲ್ಯಾಮ್ಡಾ ಎಕ್ಸ್) ಬರ್ತದೆ, ಅವೆರಡನ್ನ ಹೇಗೆ ಕೂಡಿಸಿದ್ರೂ ಎರಡು ಬೇರೆ ಬೇರೆ ಜಾಗದಲ್ಲಿ ಸೊನ್ನೆ ಮಾಡ್ಲಿಕ್ಕೆ ಆಗುದಿಲ್ಲ, ಎರಡರ ಕೋಎಫಿಶಿಯೆಂಟೂ ಸೊನ್ನೆ ಆಗ್ತದೆ. ಸ್ಥಿರಸಂಖ್ಯೆ ಸೊನ್ನೆ ತಕ್ಕೊಂಡ್ರೆ ಎಫ್ ಸರಳ ರೇಖೆ, ಎರಡು ಕಡೆ ಸೊನ್ನೆ ಮುಟ್ಟುವ ಸರಳ ರೇಖೆ ಅಂದ್ರೆ ಇಡೀ ಸೊನ್ನೆಯೇ. ಉಳಿದದ್ದು ನೆಗೆಟಿವ್ ಮಾತ್ರ. ಪೇಪರಲ್ಲಿ ಈ ಮೂರು ಕೇಸನ್ನೂ ಒಂದೊಂದು ಸಾಲಾದ್ರೂ ಬರೀರಿ, ಬಿಟ್ರೆ ಮಾರ್ಕ್ ಹೋಗುವ ಸಾಧ್ಯತೆ ಉಂಟು. ಮಾರ್ಕ್‌ಗಿಂತ ಮುಖ್ಯ ಎಂತ ಹೇಳಿದ್ರೆ, ತುದಿ ಬದಲಾದಾಗ ಈ ತೀರ್ಮಾನವೂ ಬದಲಾಗ್ಬಹುದು.

ಹಂತ 4: ತುದಿಯಿಂದ ಆಕಾರ ಹೆಕ್ಕಿ

ಇದೇ ಲೆಕ್ಕದ ಹೃದಯ, ಇಲ್ಲಿ ಅವಸರ ಬೇಡ. ನೆಗೆಟಿವ್ ಕೇಸಲ್ಲಿ

ಎಫ್ = ಎ ಕಾಸ್(ಲ್ಯಾಮ್ಡಾ ಎಕ್ಸ್) + ಬಿ ಸೈನ್(ಲ್ಯಾಮ್ಡಾ ಎಕ್ಸ್)

ಎಡ ತುದಿ, ಎಕ್ಸ್ = 0 ಹಾಕಿ. ಕಾಸ್ 1, ಸೈನ್ 0, ಹಾಗಾಗಿ ಎ = 0. ಕಾಸ್ ಹೋಯ್ತು. ಸೈನ್ ಉಳಿದದ್ದು ಯಾರೋ ಹೇಳಿದ್ದಕ್ಕಲ್ಲ, ಎಡ ತುದಿ 0 ಡಿಗ್ರಿ ಇದ್ದದ್ದಕ್ಕೆ. ಬಲ ತುದಿ, ಎಕ್ಸ್ = ಎಲ್ ಹಾಕಿ: ಬಿ ಸೈನ್(ಲ್ಯಾಮ್ಡಾ ಎಲ್) = 0. ಇಲ್ಲಿ ಬಿ = 0 ಅಂತ ಬರೆದ್ರೆ ಉತ್ತರ ಇಡೀ ಸೊನ್ನೆ ಆಗಿ ಕೂತ್ಕೊಳ್ತದೆ. ಬಿ ಬಿಟ್ಟುಬಿಡಿ, ಸೈನ್ ಸೊನ್ನೆ ಆಗಲಿ ಅಂತ ಹೇಳಿ:

ಲ್ಯಾಮ್ಡಾ = ಎನ್ ಪೈ / ಎಲ್, ಎನ್ = 1, 2, 3, …

ಈ ಲ್ಯಾಮ್ಡಾಗಳ ವರ್ಗಕ್ಕೆ, ಹೇಳಿದ್ರೆ ಲ್ಯಾಮ್ಡಾ²ಗೆ, ಐಗನ್‌ವ್ಯಾಲ್ಯೂ ಅಂತ ಹೆಸರು, ಅವುಗಳ ಸೈನ್‌ಗಳಿಗೆ ಐಗನ್‌ಫಂಕ್ಷನ್. ಆ ತುದಿಗಳಿಗೆ ಹೊಂದುವ ಆಕಾರಗಳು ಅಂತ ತಿಳ್ಕೊಂಡ್ರೆ ಸಾಕು. ಎನ್ = 1 ಒಂದು ಗುಡ್ಡ, ಎನ್ = 2 ಒಂದು ಗುಡ್ಡ ಒಂದು ಹೊಂಡ, ಹೀಗೆ.

ಈಗ ಬೇರೆ ತುದಿ ಬಂದ್ರೆ? ಇನ್ಸುಲೇಟೆಡ್ ತುದಿ ಅಂದ್ರೆ ಅಲ್ಲಿಂದ ಬಿಸಿ ಒಳಗೂ ಬರುದಿಲ್ಲ ಹೊರಗೂ ಹೋಗುದಿಲ್ಲ, ಹಾಗಾಗಿ ಅಲ್ಲಿ ಯು ಅಲ್ಲ, ಯು-ಎಕ್ಸ್ ಸೊನ್ನೆ. ಇದೇ ಕ್ರಮದಲ್ಲಿ ನೀವೇ ಮಾಡಿ ನೋಡಿ, ಉತ್ತರ ಹೀಗೆ ಬರಬೇಕು:

ಎರಡೂ ತುದಿ 0 ಡಿಗ್ರಿ: ಸೈನ್(ಎನ್ ಪೈ ಎಕ್ಸ್/ಎಲ್), ಎನ್ = 1ರಿಂದ
ಎರಡೂ ತುದಿ ಇನ್ಸುಲೇಟೆಡ್: ಕಾಸ್(ಎನ್ ಪೈ ಎಕ್ಸ್/ಎಲ್), ಎನ್ = 0ಯಿಂದ
ಎಡ 0 ಡಿಗ್ರಿ, ಬಲ ಇನ್ಸುಲೇಟೆಡ್: ಸೈನ್((ಎನ್ − ½) ಪೈ ಎಕ್ಸ್/ಎಲ್), ಎನ್ = 1ರಿಂದ
ಎಡ ಇನ್ಸುಲೇಟೆಡ್, ಬಲ 0 ಡಿಗ್ರಿ: ಕಾಸ್((ಎನ್ − ½) ಪೈ ಎಕ್ಸ್/ಎಲ್), ಎನ್ = 1ರಿಂದ

ಎರಡನೇ ಸಾಲಲ್ಲಿ ಎನ್ = 0 ಬಿಟ್ಟು ಬರುದು ತುಂಬಾ ಕಾಮನ್ ತಪ್ಪು. ಎನ್ = 0 ಅಂದ್ರೆ ಕಾಸ್ 0 = 1, ಅದು ಸ್ಥಿರಪದ, ಅದೇ ಸಲಾಕೆಯ ಸರಾಸರಿ ಟೆಂಪರೇಚರ್. ಎರಡೂ ಕಡೆ ಮುಚ್ಚಿದ ಸಲಾಕೆಯಲ್ಲಿ ಬಿಸಿ ಎಲ್ಲಿಗೂ ಹೋಗುದಿಲ್ಲ ಅಲ್ವಾ, ಕೊನೆಗೆ ಎಲ್ಲ ಕಡೆ ಸರಾಸರಿಗೆ ಬಂದು ನಿಲ್ತದೆ. ಆ ಪದ ಬಿಟ್ರೆ ನಿಮ್ಮ ಸಲಾಕೆ ತನ್ನಷ್ಟಕ್ಕೆ 0 ಡಿಗ್ರಿಗೆ ಇಳೀತದೆ, ಅದು ಆಗುವ ಮಾತಲ್ಲ. ಇಲ್ಲಿ ಸ್ಥಿರಸಂಖ್ಯೆ ಸೊನ್ನೆ ಇರುವ ಕೇಸಿಗೂ ಜೀವ ಉಂಟು ಅಂತ ಗಮನಿಸಿ, ಹಂತ 3ರಲ್ಲಿ ಹೇಳಿದ್ದು ಇದನ್ನೇ.

ಹಂತ 5: ಟೈಮ್ ಭಾಗ

ಇದು ಸುಲಭ. ಜಿ′ = −ಕೆ ಲ್ಯಾಮ್ಡಾ² ಜಿ, ಹಾಗಾಗಿ ಜಿ = ಎಕ್ಸ್‌ಪ್(−ಕೆ ಎನ್² ಪೈ² ಟಿ / ಎಲ್²). ಘಾತದಲ್ಲಿ ಎನ್² ಉಂಟು ನೋಡಿ. ಎನ್ = 3ರ ಆಕಾರ ಎನ್ = 1ಕ್ಕಿಂತ 9 ಪಟ್ಟು ಬೇಗ ಕರಗ್ತದೆ, ಎನ್ = 5ರದ್ದು 25 ಪಟ್ಟು. ಕೆಳಗೆ ಎಲ್² ಉಂಟು, ಹಾಗಾಗಿ ಸಲಾಕೆ ಎರಡು ಪಟ್ಟು ಉದ್ದ ಆದ್ರೆ ತಣಿಲಿಕ್ಕೆ ನಾಲ್ಕು ಪಟ್ಟು ಹೊತ್ತು ಬೇಕು.

ಹಂತ 6: ಎಲ್ಲ ಕೂಡಿಸಿ, ಆರಂಭಕ್ಕೆ ಹೊಂದಿಸಿ

ಒಂದೊಂದು ಎನ್‌ಗೂ ಒಂದೊಂದು ಪರಿಹಾರ ಸಿಕ್ಕಿತು. ಯಾವುದೂ ಒಂದೇ ಆಗಿ ಆರಂಭದ 100 ಡಿಗ್ರಿಗೆ ಹೊಂದುದಿಲ್ಲ. ಹಾಗಾಗಿ ಎಲ್ಲವನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಕೂಡಿಸ್ತೇವೆ:

ಯು = ಮೊತ್ತ [ ಬಿ-ಎನ್ × ಸೈನ್(ಎನ್ ಪೈ ಎಕ್ಸ್/ಎಲ್) × ಎಕ್ಸ್‌ಪ್(−ಕೆ ಎನ್² ಪೈ² ಟಿ/ಎಲ್²) ]

ಟಿ = 0 ಹಾಕಿದ್ರೆ ಎಕ್ಸ್‌ಪ್ ಎಲ್ಲ 1. ಉಳಿಯುದು: 100 = ಮೊತ್ತ [ ಬಿ-ಎನ್ ಸೈನ್(ಎನ್ ಪೈ ಎಕ್ಸ್/ಎಲ್) ]. ಇದೇ ಫೋರಿಯರ್ ಸೈನ್ ಸೀರೀಸ್. ಫೋರಿಯರ್ ಸೀರೀಸ್ ಈ ಲೆಕ್ಕದ ಒಳಗೆ ಬಂದದ್ದು ಇಲ್ಲಿಂದ, ನಾವಾಗಿ ಹೊರಗಿನಿಂದ ತಂದು ಹಾಕಿದ್ದಲ್ಲ.

ಬಿ-ಎನ್ ಹೇಗೆ ಸಿಗ್ತದೆ? ಎರಡೂ ಕಡೆ ಸೈನ್(ಎಮ್ ಪೈ ಎಕ್ಸ್/ಎಲ್) ಗುಣಿಸಿ 0ಯಿಂದ ಎಲ್ ತನಕ ಇಂಟಿಗ್ರೇಟ್ ಮಾಡಿ. ಎಮ್ ಮತ್ತು ಎನ್ ಬೇರೆ ಆದ್ರೆ ಇಂಟಿಗ್ರಲ್ ಸೊನ್ನೆ, ಒಂದೇ ಆದ್ರೆ ಎಲ್/2. ಇದಕ್ಕೆ ಆರ್ಥೋಗೋನಾಲಿಟಿ ಅಂತಾರೆ. ಬಂದರಲ್ಲಿ ಬಂಗುಡೆ, ಬೂತಾಯಿ, ಕೊಡ್ಡಾಯಿ ಎಲ್ಲ ಒಂದೇ ಬುಟ್ಟಿಯಲ್ಲಿ ಬಂದಾಗ ಬಂಗುಡೆ ಮಾತ್ರ ಹೆಕ್ಕಿ ತೆಗೆದ ಹಾಗೆ, ಈ ಗುಣಾಕಾರ ಒಂದು ಎನ್‌ನ ಪಾಲನ್ನ ಮಾತ್ರ ಹೊರಗೆ ತರ್ತದೆ. ಎಲ್/2 ಆಚೆ ಹೋದಾಗ 2/ಎಲ್ ಆಗ್ತದೆ:

ಬಿ-ಎನ್ = (2/ಎಲ್) × ಇಂಟಿಗ್ರಲ್ 0ಯಿಂದ ಎಲ್ [ ಆರಂಭದ ಟೆಂಪರೇಚರ್ × ಸೈನ್(ಎನ್ ಪೈ ಎಕ್ಸ್/ಎಲ್) ]

ಸುಮಾರು ಜನ ಇಲ್ಲಿ 1/ಎಲ್ ಹಾಕಿ −ಎಲ್‌ನಿಂದ ಎಲ್ ತನಕ ಇಂಟಿಗ್ರೇಟ್ ಮಾಡ್ತಾರೆ, ಆರಂಭದ ಟೆಂಪರೇಚರನ್ನ ಆಚೆ ಬದಿಗೆ ಹೇಗೆ ಮುಂದುವರಿಸಿದ್ದು ಅಂತ ಯೋಚನೆ ಮಾಡದೆ. ಸಲಾಕೆ 0ಯಿಂದ ಎಲ್ ತನಕ ಮಾತ್ರ ಇರುದು, ಆಚೆ ಎಂತದೂ ಇಲ್ಲ, ಹಾಫ್ ರೇಂಜ್ ಸೀರೀಸ್ ಅಂತ ಹೇಳುದು ಅದಕ್ಕೇ. ಕಾಸ್ ಆದ್ರೂ 2/ಎಲ್, ಆದ್ರೆ ಎನ್ = 0ಯ ಪದಕ್ಕೆ ಮಾತ್ರ 1/ಎಲ್, ಯಾಕಂದ್ರೆ 1 × 1ನ್ನ ಇಂಟಿಗ್ರೇಟ್ ಮಾಡಿದ್ರೆ ಎಲ್/2 ಅಲ್ಲ, ಪೂರ್ತಿ ಎಲ್ ಬರ್ತದೆ. ಪುಸ್ತಕದಲ್ಲಿ ಎ-ಸೊನ್ನೆ/2 ಅಂತ ಬರೆಯುದು ಇದೇ ಕಾರಣಕ್ಕೆ.

ನಮ್ಮ ಲೆಕ್ಕಕ್ಕೆ ಬಿ-ಎನ್ = (200/(ಎನ್ ಪೈ)) × (1 − (−1) ಘಾತ ಎನ್). ಎನ್ ಸಮಸಂಖ್ಯೆ ಆದ್ರೆ ಸೊನ್ನೆ, ಬೆಸ ಆದ್ರೆ 400/(ಎನ್ ಪೈ). ಸಮಸಂಖ್ಯೆಯ ಆಕಾರಗಳು ನಡುವಿನಿಂದ ಎಡ ಬಲಕ್ಕೆ ಉಲ್ಟಾ ಇರ್ತವೆ, ನಮ್ಮ ಆರಂಭ ಎರಡೂ ಕಡೆ ಒಂದೇ ಥರ ಉಂಟು, ಹಾಗಾಗಿ ಅವು ಬರ್ಲಿಕ್ಕೇ ಇಲ್ಲ. ಇಂಟಿಗ್ರೇಷನ್ ಮಾಡುವ ಮೊದಲೇ ಹೀಗೆ ಸಮ್ಮಿತಿ ನೋಡ್ಕೊಂಡ್ರೆ ಅರ್ಧ ಕೆಲಸ ಉಳೀತದೆ.

ಯು = (400/ಪೈ) × [ ಸೈನ್(ಪೈ ಎಕ್ಸ್/50) ಎಕ್ಸ್‌ಪ್(−0.00434 ಟಿ) + (1/3) ಸೈನ್(3 ಪೈ ಎಕ್ಸ್/50) ಎಕ್ಸ್‌ಪ್(−0.0391 ಟಿ) + (1/5) ಸೈನ್(5 ಪೈ ಎಕ್ಸ್/50) ಎಕ್ಸ್‌ಪ್(−0.1086 ಟಿ) + … ]

ಸಮತಟ್ಟಾದ 100ನ್ನ ಬಳುಕುವ ಸೈನ್‌ಗಳಿಂದ ಮಾಡ್ಲಿಕ್ಕೆ ಆಗ್ತದಾ ಅಂತ ನಿಮಗೆ ಸಂಶಯ ಬಂದ್ರೆ ಅದು ಒಳ್ಳೆ ಸಂಶಯ. 1807ರಲ್ಲಿ ಫೋರಿಯರ್ ಪ್ಯಾರಿಸಲ್ಲಿ ಈ ಕೆಲಸ ಮುಂದಿಟ್ಟಾಗ ಲಗ್ರಾಂಜ್‌ನಂಥವರೇ ಒಪ್ಪಲಿಲ್ಲ. ಅದಕ್ಕಿಂತ ಮೊದಲು 1753ರಲ್ಲಿ ಡೇನಿಯಲ್ ಬರ್ನೂಲಿ ತಂತಿಯ ಕಂಪನಕ್ಕೆ ಇದೇ ಮಾತು ಹೇಳಿದಾಗ ಆಯ್ಲರ್ ಕೂಡ ಪೂರ್ತಿ ಒಪ್ಪಿರ್ಲಿಲ್ಲ. ಫೋರಿಯರ್ ಅವರ ಪುಸ್ತಕ ಹೊರಗೆ ಬಂದದ್ದು 1822ಕ್ಕೆ, ಯಾವ ಫಂಕ್ಷನ್‌ಗೆ ಸೀರೀಸ್ ಸರಿಯಾಗಿ ಬಂದು ಸೇರ್ತದೆ ಅಂತ ಗಟ್ಟಿ ಸಾಧನೆ ಕೊಟ್ಟದ್ದು ಡಿರಿಚ್ಲೆ, 1829ರಲ್ಲಿ. ಎಕ್ಸಾಮಲ್ಲಿ ಬರುವ ಫಂಕ್ಷನ್‌ಗಳೆಲ್ಲ ಆ ಷರತ್ತಿನ ಒಳಗೆ ಬರ್ತವೆ, ಧೈರ್ಯವಾಗಿ ಹಾಕಿ.

ಹಂತ 7: ನಂಬರ್ ಹಾಕಿ ನೋಡಿ

ಇದನ್ನ ಯಾರೂ ಮಾಡುದಿಲ್ಲ, ನಾನು ಹೇಳುದು ಇದನ್ನ ಮಾಡ್ಲೇಬೇಕು. ಸೂತ್ರ ಬರೆದು ಕೆಳಗೆ ಗೆರೆ ಎಳೆದ್ರೆ ಎಂತ ಕಲಿತ ಹಾಗಾಯ್ತು? ಕ್ಯಾಲ್ಕುಲೇಟರ್ ತೆಗೀರಿ. ನಡುಭಾಗ, ಎಕ್ಸ್ = 25.

5 ನಿಮಿಷ, ಟಿ = 300. ಮೊದಲ ಪದ 127.3 × 0.272 = 34.6 ಡಿಗ್ರಿ. ಎರಡನೇ ಪದ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಒಂದೇ ಪದದಲ್ಲಿ ಕೆಲಸ ಮುಗೀತು.

1 ನಿಮಿಷ, ಟಿ = 60. ಮೊದಲ ಪದ 98.1, ಎರಡನೇ ಪದ −4.1, ಮೂರನೇದ್ದು 0.04. ಕೂಡಿಸಿದ್ರೆ 94.1 ಡಿಗ್ರಿ. ಎರಡು ಪದ ಬೇಕಾಯ್ತು.

ಈಗ 10 ಸೆಕೆಂಡ್. ಮೊದಲ ಪದ ಮಾತ್ರ ಹಾಕಿದ್ರೆ 121.9 ಡಿಗ್ರಿ! 100 ಡಿಗ್ರಿಯ ಸಲಾಕೆಯನ್ನ ಐಸಲ್ಲಿ ಇಟ್ಟದ್ದಕ್ಕೆ 122 ಆಗ್ತದಾ? ಆಗುದಿಲ್ಲ. ಮುಂದಿನ ಪದಗಳು −28.7, +8.6, −2.2, +0.4, −0.06, ಎಲ್ಲ ಕೂಡಿಸಿದ್ರೆ 100.0 ಬರ್ತದೆ. ಹತ್ತು ಸೆಕೆಂಡಲ್ಲಿ ಐಸಿನ ಸುದ್ದಿ ನಡುಭಾಗಕ್ಕೆ ಇನ್ನೂ ಮುಟ್ಟಿಲ್ಲ ಅಂತ ಅರ್ಥ. ಒಟ್ರಾಶಿ ಟಿ ಸಣ್ಣದಿದ್ರೆ ಜಾಸ್ತಿ ಪದ, ಟಿ ದೊಡ್ಡದಿದ್ರೆ ಒಂದೋ ಎರಡೋ ಪದ. ಈ ಮೂರು ಉತ್ತರ ನಿಮ್ಮ ಕೈಯಲ್ಲಿ ಬಂದ್ರೆ ಹಂತ 1ರಿಂದ 6 ಸರಿಯಾಗಿದೆ ಅಂತ ನಂಬಬಹುದು. ಎಕ್ಸೆಲ್ ಶೀಟಲ್ಲಿ ಒಂದು ಕಾಲಮಿಗೆ ಎನ್, ಮತ್ತೊಂದಕ್ಕೆ ಬಿ-ಎನ್, ಮತ್ತೊಂದಕ್ಕೆ ಸೈನ್, ಮತ್ತೊಂದಕ್ಕೆ ಎಕ್ಸ್‌ಪ್ ಹಾಕಿ ಗುಣಿಸಿ ಕೂಡಿಸಿದ್ರೂ ಆಗ್ತದೆ, ಪೈಥಾನ್ ಬರುವವರಿಗೆ ನಾಲ್ಕು ಸಾಲಿನ ಲೂಪ್. ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿ ಉಂಟಾ ಅಂತ ನೋಡಿ ಮಾರ್ರೆ, ಡಿಗ್ರಿಯಲ್ಲಿ ಇಟ್ಟು ಗಂಟೆಗಟ್ಲೆ ತಪ್ಪು ಹುಡುಕುವವರು ತುಂಬ ಜನ ಇದ್ದಾರೆ.

ಕಂಪ್ಯೂಟರಲ್ಲಿ ಟಿ = 0ಯ ಗ್ರಾಫ್ ಹಾಕಿದ್ರೆ ತುದಿಯ ಹತ್ತಿರ ಒಂದು ಕೊಂಬು ಎದ್ದು ನಿಂತದ್ದು ಕಾಣ್ತದೆ, ಸುಮಾರು 118ರ ತನಕ. ಇನ್ನೂ ನೂರು ಪದ ಕೂಡಿಸಿದ್ರೂ ಕೊಂಬು ಸಪೂರ ಆಗಿ ತುದಿಯ ಕಡೆ ಸರೀತದೆ, ಎತ್ತರ ಕಡಿಮೆ ಆಗುದಿಲ್ಲ. ನಿಮ್ಮ ಕೋಡ್ ತಪ್ಪಲ್ಲ ಅದು, ಗಿಬ್ಸ್ ಫಿನಾಮಿನನ್. ಸೈನ್ ತುದಿಯ ಆಚೆ ಬದಿಯಲ್ಲಿ ಉಲ್ಟಾ ಆಗುದರಿಂದ ಸೀರೀಸ್‌ನ ಕಣ್ಣಲ್ಲಿ ತುದಿಯಲ್ಲಿ ಟೆಂಪರೇಚರ್ −100ರಿಂದ +100ಕ್ಕೆ ಹಾರ್ತದೆ, ಹಾರಿದ 200ರ ಸುಮಾರು ಶೇಕಡಾ 9ರಷ್ಟು ಮೇಲೆ ಹೋಗ್ತದೆ. ಟಿ ಸ್ವಲ್ಪ ಮುಂದೆ ಹೋಗಿ ಸಾಕಷ್ಟು ಪದ ಹಾಕಿದ್ರೆ ಎಕ್ಸ್‌ಪ್ ಅದನ್ನ ಅಳಿಸಿ ಹಾಕ್ತದೆ.

ಹಂತ 8: ತುದಿ ಸೊನ್ನೆ ಅಲ್ಲದಿದ್ರೆ

ಈಗ ಅದೇ ಸಲಾಕೆ, ಆದ್ರೆ ಆರಂಭದಲ್ಲಿ ಮಂಗಳೂರಿನ ಮಾಮೂಲಿ ರೂಮ್ ಟೆಂಪರೇಚರ್, 30 ಡಿಗ್ರಿ ಅಂತ ಇಟ್ಕೊಳ್ಳುವ. ಎಡ ತುದಿ 30ರಲ್ಲೇ ಇಟ್ಟು ಬಲ ತುದಿಯನ್ನ 80 ಡಿಗ್ರಿಗೆ ಏರಿಸಿದ್ದೇವೆ. ತುಂಬಾ ಹೊತ್ತು ಬಿಟ್ರೆ ಎಂತ ಆಗ್ತದೆ ಅಂತ ಮೊದಲು ಯೋಚನೆ ಮಾಡಿ. ಟೆಂಪರೇಚರ್ ಬದಲಾಗುದು ನಿಲ್ತದೆ, ಯು-ಎಕ್ಸ್‌ಎಕ್ಸ್ = 0, ಹೇಳಿದ್ರೆ 30ರಿಂದ 80ಕ್ಕೆ ಸೀದಾ ಗೆರೆ: 30 + ಎಕ್ಸ್. ಇದು ಸ್ಟೆಡಿ ಸ್ಟೇಟ್. ಇದನ್ನ ಯುನಿಂದ ಕಳೆದುಬಿಡಿ:

ವಿ = ಯು − (30 + ಎಕ್ಸ್)

ವಿಗೆ ಎರಡೂ ತುದಿ ಸೊನ್ನೆ, ಸಮೀಕರಣ ಅದೇ. ಆದ್ರೆ ಆರಂಭ ಬದಲಾಯ್ತು, 30 − (30 + ಎಕ್ಸ್) = −ಎಕ್ಸ್. ಇಲ್ಲಿ ಹಳೇ ಆರಂಭವನ್ನೇ ಹಾಕಿ ಬಿ-ಎನ್ ಲೆಕ್ಕ ಮಾಡುದು ಈ ಹಂತದ ದೊಡ್ಡ ತಪ್ಪು, ಕಳೆದದ್ದನ್ನ ಆರಂಭದಿಂದಲೂ ಕಳೀಬೇಕು. ಇಂಟಿಗ್ರೇಷನ್ ಬೈ ಪಾರ್ಟ್ಸ್ ಮಾಡಿದ್ರೆ ಬಿ-ಎನ್ = 100 × (−1) ಘಾತ ಎನ್ / (ಎನ್ ಪೈ). ಮತ್ತೆ ಕೊನೆಗೆ 30 + ಎಕ್ಸ್ ವಾಪಸ್ ಕೂಡಿಸ್ಲಿಕ್ಕೆ ಮರೀಬೇಡಿ. 230 ಸೆಕೆಂಡಿಗೆ ನಡುಭಾಗದಲ್ಲಿ 55 − 11.7 = 43.3 ಡಿಗ್ರಿ ಬರ್ತದೆ, ನೋಡ್ಕೊಳ್ಳಿ.

ತುದಿ ಟೈಮ್ ಜೊತೆ ಬದಲಾಗುದಾದ್ರೆ, ಕೆಂಪು ಕಲ್ಲಿನ ಗೋಡೆಯ ಹೊರಬದಿ ಬೆಳಿಗ್ಗೆ ತಣ್ಣಗೆ ಮಧ್ಯಾಹ್ನ ಕಾದು ಇರ್ತದಲ್ಲ ಆ ಥರದ್ದು, ಆಗಲೂ ತುದಿಗೆ ಹೊಂದುವ ಒಂದು ಗೆರೆಯನ್ನ ಕಳೀಬೇಕು, ಆದ್ರೆ ಆ ಗೆರೆ ಟೈಮ್ ಜೊತೆ ಬದಲಾಗುದರಿಂದ ಸಮೀಕರಣದಲ್ಲಿ ಒಂದು ಹೊಸ ಪದ ಬಂದು ಕೂತ್ಕೊಳ್ತದೆ. ಅದನ್ನೂ ಅದೇ ಸೈನ್‌ಗಳಲ್ಲಿ ಬಿಡಿಸಿ ಬರೀರಿ, ಒಂದೊಂದು ಎನ್‌ಗೆ ಒಂದೊಂದು ಮೊದಲ ಆರ್ಡರ್‌ನ ಸಾದಾ ಸಮೀಕರಣ ಸಿಗ್ತದೆ. ಕೆಲಸ ಉದ್ದ, ಕಷ್ಟ ಅಲ್ಲ.

ಹಂತ 9: ವೇವ್ ಈಕ್ವೇಷನ್‌ಗೆ ಎಂತ ಬದಲಾಗ್ತದೆ

ಯು-ಟಿಟಿ = ಸಿ² ಯು-ಎಕ್ಸ್‌ಎಕ್ಸ್. ಡಲಂಬೇರ್ 1747ರಲ್ಲಿ ಬರೆದದ್ದು. ಇಲ್ಲಿ ಯು ಅಂದ್ರೆ ತಂತಿ ತನ್ನ ಜಾಗದಿಂದ ಎಷ್ಟು ಸರಿದಿದೆ ಅಂತ, ಸಿ ಅಂದ್ರೆ ತಂತಿಯಲ್ಲಿ ಅಲೆ ಓಡುವ ವೇಗ. ವೀಣೆಯ ತಂತಿಯ ಹಾಗೆ ಎರಡೂ ಕಡೆ ಬಿಗಿದ ತಂತಿ ಆದ್ರೆ ತುದಿ ಅದೇ ಸೊನ್ನೆ, ಹಾಗಾಗಿ ಆಕಾರ ಅದೇ ಸೈನ್. ಹಂತ 4 ಮತ್ತೆ ಮಾಡುದೇ ಬೇಡ. ಬದಲಾಗುದು ಟೈಮ್ ಭಾಗ ಮಾತ್ರ, ಎಕ್ಸ್‌ಪ್ ಬದಲು ಕಾಸ್(ಎನ್ ಪೈ ಸಿ ಟಿ/ಎಲ್) ಮತ್ತು ಸೈನ್(ಎನ್ ಪೈ ಸಿ ಟಿ/ಎಲ್) ಎರಡೂ ಬರ್ತದೆ. ಅದು ಕರಗುದಿಲ್ಲ, ಅಲ್ಲಾಡ್ತಾ ಇರ್ತದೆ.

ಟಿ ಬಗ್ಗೆ ಎರಡು ಸಲ ಡಿಫರೆನ್ಶಿಯೇಟ್ ಮಾಡಿದ್ದರಿಂದ ಆರಂಭದ ಕಂಡೀಶನ್ ಕೂಡ ಎರಡು ಬೇಕು, ತಂತಿಯ ಆಕಾರ ಮತ್ತು ತಂತಿಯ ವೇಗ. ಆಕಾರ ಕಾಸ್‌ನ ಕೋಎಫಿಶಿಯೆಂಟ್ ಕೊಡ್ತದೆ, ವೇಗ ಸೈನ್‌ನದ್ದು. ವೇಗದಿಂದ ಬರುವ ಕೋಎಫಿಶಿಯೆಂಟನ್ನ ಎನ್ ಪೈ ಸಿ/ಎಲ್‌ನಿಂದ ಭಾಗಿಸಬೇಕು, ಡಿಫರೆನ್ಶಿಯೇಟ್ ಮಾಡುವಾಗ ಆ ಗುಣಕ ಹೊರಗೆ ಬಂದಿರ್ತದೆ. ಇದನ್ನ ಬಿಡುವವರೇ ಜಾಸ್ತಿ.

ತಂತಿಯನ್ನ ಸರಿ ನಡುವೆ ಎಳೆದು ಬಿಟ್ರೆ ಕೋಎಫಿಶಿಯೆಂಟ್ 8 × ಎತ್ತರ / (ಎನ್² ಪೈ²) × ಸೈನ್(ಎನ್ ಪೈ/2). ಸಮಸಂಖ್ಯೆಯ ಎನ್ ಎಲ್ಲ ಮಾಯ. ಬದಿಯಲ್ಲಿ ಮೀಟಿದ್ರೆ ಅವೂ ಬರ್ತವೆ, ಹಾಗಾಗಿಯೇ ಮೀಟುವ ಜಾಗ ಬದಲಾದ್ರೆ ನಾದದ ಬಣ್ಣ ಬದಲಾಗುದು. ಚೆಂಡೆ, ಮದ್ದಳೆಗೆ ಇದೇ ಸೂತ್ರ ಹಾಕ್ಬಹುದಾ ಅಂತ ಯಕ್ಷಗಾನದ ಹುಚ್ಚು ಇರುವ ಮಕ್ಕಳು ಕೇಳ್ತಾರೆ. ಅಲ್ಲಿ ಸಮೀಕರಣ ವೇವ್ ಈಕ್ವೇಷನ್ನೇ, ಕ್ರಮವೂ ಇದೇ, ಆದ್ರೆ ಅಂಚು ವೃತ್ತ, ಹಾಗಾಗಿ ಕೇಂದ್ರದಿಂದ ಅಂಚಿಗೆ ಹೋಗುವ ದಿಕ್ಕಲ್ಲಿ ಸೈನ್ ಬದಲು ಬೆಸೆಲ್ ಫಂಕ್ಷನ್ ಬರ್ತದೆ. ಚರ್ಮದ ಮೇಲೆ ಕರಣೆ (ನಡುವೆ ಹಚ್ಚುವ ಕಪ್ಪು ಪದರ) ಹಾಕಿದ್ರೆ ದಪ್ಪ ಎಲ್ಲ ಕಡೆ ಒಂದೇ ಇರುದಿಲ್ಲ, ಲೆಕ್ಕ ಇನ್ನೂ ಆಳಕ್ಕೆ ಹೋಗ್ತದೆ. ಮೃದಂಗದಲ್ಲಿ ಈ ಕರಣೆಯಿಂದ ಸ್ವರಗಳು ಹೇಗೆ ಹೊಂದಿಕೊಂಡು ಬರ್ತವೆ ಅಂತ ಸಿ.ವಿ. ರಾಮನ್ ಅವರೇ ಕೆಲಸ ಮಾಡಿದ್ದಾರೆ.

ಹಂತ 10: ಲಾಪ್ಲಾಸ್ ಈಕ್ವೇಷನ್

ಚೌಕದ ತಗಡಿನ ಸ್ಟೆಡಿ ಟೆಂಪರೇಚರ್, ಯು-ಎಕ್ಸ್‌ಎಕ್ಸ್ + ಯು-ವೈವೈ = 0. ಇಲ್ಲಿ ಟೈಮ್ ಇಲ್ಲ, ನಾಲ್ಕೂ ಕಡೆ ಅಂಚೇ. ಎದುರುಬದುರು ಎರಡು ಅಂಚು ಸೊನ್ನೆ ಇರುವ ದಿಕ್ಕಲ್ಲಿ ಸೈನ್ ಹಾಕಿ, ಇನ್ನೊಂದು ದಿಕ್ಕಲ್ಲಿ ಸೈನ್‌ಹೈಪರ್‌ಬಾಲಿಕ್ ಬರ್ತದೆ, ಹೇಳಿದ್ರೆ (ಎಕ್ಸ್‌ಪ್(ವೈ) − ಎಕ್ಸ್‌ಪ್(−ವೈ))/2 ಥರದ್ದು. ಎರಡು ದಿಕ್ಕಿಗೂ ಸೈನ್ ಹಾಕಿದ್ರೆ ಸಮೀಕರಣವೇ ಹೊಂದುದಿಲ್ಲ. ನಾಲ್ಕೂ ಅಂಚಲ್ಲಿ ಬೇರೆ ಬೇರೆ ಟೆಂಪರೇಚರ್ ಕೊಟ್ರೆ ಒಂದು ಸಲಕ್ಕೆ ಒಂದು ಅಂಚು ಮಾತ್ರ ಉಳಿಸಿ ಬಾಕಿ ಮೂರನ್ನ ಸೊನ್ನೆ ಮಾಡಿ ನಾಲ್ಕು ಲೆಕ್ಕ ಮಾಡಿ ಕೂಡಿಸಿ. ಕಂಪ್ಯೂಟರಲ್ಲಿ ಮಾಡುವವರಿಗೆ ಒಂದು ಎಚ್ಚರಿಕೆ: ಒಳಗಿನ ನಂಬರ್ ಸುಮಾರು 710 ದಾಟಿದ್ರೆ ಸೈನ್‌ಹೈಪರ್‌ಬಾಲಿಕ್ ಓವರ್‌ಫ್ಲೋ ಆಗ್ತದೆ, ಉತ್ತರದಲ್ಲಿ ಒಂದು ಸೈನ್‌ಹೈಪರ್‌ಬಾಲಿಕನ್ನ ಇನ್ನೊಂದರಿಂದ ಭಾಗಿಸುದು ಬರ್ತದೆ, ಮೇಲಿನದ್ದು ಕೆಳಗಿನದ್ದು ಬೇರೆ ಬೇರೆ ಲೆಕ್ಕ ಮಾಡದೆ ಆ ಅನುಪಾತವನ್ನೇ ಎಕ್ಸ್‌ಪ್ ರೂಪಕ್ಕೆ ತಂದು ಹಾಕಿ.

ಈ ವಿಧಾನ ಎಲ್ಲಿ ಹಾಕ್ಬಾರ್ದು

ಸಮೀಕರಣದಲ್ಲಿ ಯು × ಯು-ಎಕ್ಸ್ ಥರದ ಪದ ಇದ್ರೆ ಅದು ನಾನ್‌ಲೀನಿಯರ್, ಕೂಡಿಸುದು ನಡೆಯುದಿಲ್ಲ. ಸಲಾಕೆಗೆ ತುದಿಯೇ ಇಲ್ಲ, ಅನಂತ ಉದ್ದ ಅಂತ ಕೊಟ್ರೆ ಸೀರೀಸ್ ಅಲ್ಲ, ಫೋರಿಯರ್ ಟ್ರಾನ್ಸ್‌ಫಾರ್ಮ್ ಬೇಕು. ಸಲಾಕೆಯ ಲೋಹ ಜಾಗದಿಂದ ಜಾಗಕ್ಕೆ ಬದಲಾಗುದಾದ್ರೆ ಆಕಾರ ಸೈನ್ ಆಗಿ ಉಳಿಯುದಿಲ್ಲ, ಆದ್ರೆ ಕ್ರಮ ಇದೇ, ಸ್ಟರ್ಮ್–ಲ್ಯೂವಿಲ್ ಅಂತ ಮುಂದಿನ ಪಾಠದಲ್ಲಿ ಬರ್ತದೆ. ಮತ್ತೆ ಹೀಟ್ ಈಕ್ವೇಷನ್‌ನಲ್ಲಿ ಈಗಿನ ಟೆಂಪರೇಚರ್ ಅಳೆದು ಹಿಂದೆ ಎಷ್ಟಿತ್ತು ಅಂತ ಕಂಡುಹಿಡೀಲಿಕ್ಕೆ ಹೋಗ್ಬೇಡಿ. ಟಿ ನೆಗೆಟಿವ್ ಹಾಕಿದ್ರೆ ಎಕ್ಸ್‌ಪ್ ಬೆಳೀತದೆ, ಅದೂ ಎನ್² ಲೆಕ್ಕದಲ್ಲಿ, ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದ್ರೂ ಉತ್ತರ ಎಲ್ಲಿಗೋ ಹಾರಿ ಹೋಗ್ತದೆ.

ಮಾಡಿ ನೋಡ್ಲಿಕ್ಕೆ ಒಂದು ಲೆಕ್ಕ

ಅದೇ ತಾಮ್ರದ ಸಲಾಕೆ, 50 ಸೆಂಟಿಮೀಟರ್. ಈ ಸಲ ಎರಡೂ ತುದಿ ಇನ್ಸುಲೇಟೆಡ್. ಆರಂಭದಲ್ಲಿ ಎಡ ಅರ್ಧ 100 ಡಿಗ್ರಿ, ಬಲ ಅರ್ಧ 0 ಡಿಗ್ರಿ. ಉತ್ತರ ನೋಡುವ ಮೊದಲು ಮಾಡಿ. ಸ್ಥಿರಪದ 50 ಬರಬೇಕು, ಉಳಿದ ಕೋಎಫಿಶಿಯೆಂಟ್ (200/(ಎನ್ ಪೈ)) × ಸೈನ್(ಎನ್ ಪೈ/2), ಆಕಾರ ಕಾಸ್. 5 ನಿಮಿಷಕ್ಕೆ ಎಡ ತುದಿಯಲ್ಲಿ 67.3, ಬಲ ತುದಿಯಲ್ಲಿ 32.7, ನಡುವೆ ಯಾವಾಗ ನೋಡಿದ್ರೂ 50. ನಿಮಗೆ 17.3 ಮತ್ತು −17.3 ಬಂದಿದ್ರೆ ಎನ್ = 0ಯ ಪದ ಬಿಟ್ಟಿದ್ದೀರಿ, ಹಂತ 4ಕ್ಕೆ ವಾಪಸ್ ಹೋಗಿ.